ಮಗಳ ಹಲ್ಲಿನ ಮೇಲೆ ಬಿಡಾರ ಹೂಡಿದ ಬಿಳಿ ಕಲೆಯವರಿಗೆ

ಶ್ವೇತವರ್ಣದ, ಮೆಲುನಡೆಯ, ಸದ್ದಿಲ್ಲದೆ ಬಂದು ಸದಾಕಾಲ ನೆಲೆಸುವ ಶ್ರೀ ಬಿಳಿ ಕಲೆಯವರ ಸನ್ನಿಧಿಗೆ,
ಮುಕ್ಕಾಂ: ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು, ತಂತಿ ಹಿಡಿಯುವ ಗುಂಡಿಗಳ ಸುತ್ತಮುತ್ತ,
ಕುಮಾರಿ ಪೂರ್ಣಿಮಾಳ ಬಾಯಿ, ಹಳಿಯಾಳ ತಾಲೂಕು.

ಮಾನ್ಯರೇ,

ಹಳಿಯಾಳದಿಂದ ದಾಂಡೇಲಿಗೆ ಹೋಗುವಾಗ ಬಸ್ಸಿನ ಕಿಟಕಿ ತೆರೆದಿಟ್ಟವರಿಗೆ ಚಳಿಗಾಲದುದ್ದಕ್ಕೂ ಬೆಲ್ಲದ ಪಾಕದ ವಾಸನೆ ಹೊಡೆಯುವ ಜಾಗವೊಂದಿದೆಯಲ್ಲ, ಅಲ್ಲಿನ ಕಬ್ಬಿನ ಗಾಣದ ಯಜಮಾನ, ವಯಸ್ಸು ಐವತ್ತೆರಡು, ಉಳಿದಿರುವ ಹಲ್ಲು ಹತ್ತೊಂಬತ್ತು, ಕರಿಬಸಪ್ಪ ಎಂಬ ಹೆಸರಿನವನು ತಮ್ಮ ಪಾದಗಳನ್ನು, ತಮಗೆ ಪಾದಗಳಿದ್ದ ಪಕ್ಷದಲ್ಲಿ, ಮುಟ್ಟಿ ನಮಸ್ಕರಿಸಿ ಎಲ್ಲರೆದುರಿಗೆ ಬರೆದುಕೊಳ್ಳುವ ಪತ್ರವಿದು. ತಾವು ಕ್ಷೇಮವಾಗಿದ್ದೀರೆಂದು ದಾಂಡೇಲಿಯ ಹಲ್ಲಿನ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ಖಚಿತಪಡಿಸಿದ್ದಾರೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಿಲ್ಲ. ವಿಚಾರಿಸುವ ಪದ್ಧತಿ ತಮ್ಮ ಕುಲದಲ್ಲಿಲ್ಲವೆಂದು ಕೇಳಿದ್ದೇನೆ. ಕೇಳದಿದ್ದರೂ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ, ನಡುವೆ ತಾವು ಎದ್ದು ಹೋಗುವ ಹಾಗಿಲ್ಲ. ಎದ್ದು ಹೋಗುವ ಗುಣ ತಮಗಿದ್ದಿದ್ದರೆ ಈ ಪತ್ರವೇ ಬೇಕಾಗಿರಲಿಲ್ಲ.

ಮೊದಲಿಗೆ ತಮ್ಮ ಗುಣಗಾನ. ಹಲ್ಲಿಗೆ ಬರುವ ಉಳಿದ ಕಾಯಿಲೆಗಳು ಎಷ್ಟು ಒರಟು ಜಾತಿಯವು ಎಂದು ನೆನೆದಾಗಲೆಲ್ಲ ತಮ್ಮ ನಾಜೂಕಿಗೆ ತಲೆದೂಗುತ್ತೇನೆ. ಹುಳುಕು ಬಂತೆಂದರೆ ಠಣ್ಣನೆ ನೋಯುತ್ತದೆ, ಮನೆಯವರನ್ನೆಲ್ಲ ಕುಣಿಸುತ್ತದೆ, ಲವಂಗ ಬೇಡುತ್ತದೆ. ಒಸಡು ಬಾತರೆ ಕೆನ್ನೆ ಊದಿ ಊರಿಗೆಲ್ಲ ಡಂಗುರ ಸಾರುತ್ತದೆ. ತಾವೋ, ನೋವಿಲ್ಲ, ರಕ್ತವಿಲ್ಲ, ವಾಸನೆಯಿಲ್ಲ. ಮೇಲಾಗಿ ಬಣ್ಣ ಬಿಳಿ! ಹಲ್ಲು ಹಳದಿಯಾದರೆ ಜನ ಮುಜುಗರಪಡುತ್ತಾರೆ, ಕಪ್ಪಾದರೆ ಹೆದರುತ್ತಾರೆ, ಬಿಳಿಯಾದರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಾರೆಯೇ? ಈ ಲೆಕ್ಕ ಹಾಕಿಯೇ ತಾವು ಬಿಳಿ ಅಂಗಿ ತೊಟ್ಟು ಬಂದಿರಿ. ನನ್ನ ಹೆಂಡತಿ ನೀಲಕ್ಕ ತಮ್ಮನ್ನು ಮೊದಲ ಸಲ ಕಂಡಾಗ ಹಿಗ್ಗಿ ಹೀರೇಕಾಯಿಯಾಗಿ, "ನೋಡ್ರಿ ನೋಡ್ರಿ, ತಂತಿ ಹಾಕಿಸಿದ ಮ್ಯಾಲ ಹುಡುಗಿ ಹಲ್ಲು ಹೆಂಗ ಬೆಳ್ಳಗ ಆಗಾಕ ಹತ್ಯಾವು" ಎನ್ನುತ್ತಾ ಓಣಿಯ ನಾಲ್ಕು ಮನೆಗೆ ಮಗಳನ್ನು ಕರೆದೊಯ್ದು, ದನದ ಸಂತೆಯಲ್ಲಿ ಎತ್ತಿನ ವಯಸ್ಸು ನೋಡುವವರಂತೆ ಅವಳ ತುಟಿ ಎತ್ತಿ ತೋರಿಸಿ ಬಂದಳು. ತಮಗೆ ಅಂದು ಸಿಕ್ಕ ಮರ್ಯಾದೆ ನಮ್ಮ ಮನೆಗೆ ಬಂದ ಯಾವ ಬೀಗರಿಗೂ ಸಿಕ್ಕಿಲ್ಲ.

ತಾವು ಹೊಕ್ಕ ಮನೆಯ ಒಡತಿ ಯಾರೆಂದು ತಮಗೆ ತಿಳಿದಿರಲಿಕ್ಕಿಲ್ಲ, ಹೇಳದೆ ಕೇಳದೆ ಹೊಗುವವರಿಗೆ ಅದರ ಅಗತ್ಯವೂ ಇರುವುದಿಲ್ಲ. ಪೂರ್ಣಿಮಾ ನನ್ನ ಒಬ್ಬಳೇ ಮಗಳು, ವಯಸ್ಸು ಹದಿನಾರು, ಹಳಿಯಾಳದಲ್ಲಿ ಪಿಯುಸಿ ಮೊದಲ ವರ್ಷ. ಅವಳ ದನಿ ಚೆಂದ. ಮೈಕು ಸರಿಯಿಲ್ಲದಿದ್ದರೂ ಕೊನೆಯ ಸಾಲಿನ ಮುದುಕರಿಗೆ ಮುಟ್ಟುವ ದನಿ. ಏಳನೆಯ ತರಗತಿಯಲ್ಲಿ ಶಾಲೆಯ ಕಾರ್ಯಕ್ರಮಕ್ಕೆ ಸ್ವಾಗತ ಹೇಳಲು ನಿಂತಾಗ ಅವಳ ಎರಡು ಕೋರೆಹಲ್ಲುಗಳು ಸಾಲು ಬಿಟ್ಟು ಮೇಲಿನಿಂದ ಹೊರಗೆ ಇಣುಕುತ್ತಿದ್ದವು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ನಮ್ಮೂರ ದೊಡ್ಡ ಮನುಷ್ಯರೊಬ್ಬರು, ಹೆಸರು ಬೇಡ, "ಆನಿ ಮರಿ ಬಂತಲೇ" ಎಂದುಬಿಟ್ಟರು. ಸಭೆಗೆ ಸಭೆಯೇ ನಕ್ಕಿತು. ಅಂದಿನಿಂದ ಹುಡುಗಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡತೊಡಗಿದಳು. ಮಾಸ್ತರರು ದನಿಯ ಆಸೆಗೆ ಅವಳನ್ನು ಬಿಡಲಿಲ್ಲ, ಅವಳು ಒಂದು ಷರತ್ತು ಹಾಕಿದಳು: ಮೈಕನ್ನು ಪರದೆಯ ಹಿಂದೆ ಕೊಡಬೇಕು. ಹತ್ತನೆಯ ತರಗತಿ ಮುಗಿಯುವವರೆಗೆ ಮೂರು ವರ್ಷ ಎಲ್ಲ ಕಾರ್ಯಕ್ರಮಗಳನ್ನೂ ಪರದೆಯ ಹಿಂದಿನಿಂದಲೇ ನಡೆಸಿಕೊಟ್ಟಳು. ಎದುರಿಗೆ ಕೂತು ಬರೀ ಪರದೆಗೆ ಚಪ್ಪಾಳೆ ತಟ್ಟಿದ ತಂದೆ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆದ್ದರಿಂದ ಕಳೆದ ಜೂನ್ ತಿಂಗಳಲ್ಲಿ ದಾಂಡೇಲಿಯ ಡಾಕ್ಟರ್ ಅನ್ನಪೂರ್ಣಾ ಅವರಲ್ಲಿ ಅವಳ ಹಲ್ಲಿಗೆ ತಂತಿ ಹಾಕಿಸಿದೆ. ಒಂದೊಂದು ಹಲ್ಲಿಗೂ ಒಂದೊಂದು ಪುಟ್ಟ ಗುಂಡಿ ಅಂಟಿಸಿ, ಅದರೊಳಗೆ ತಂತಿ ಪೋಣಿಸಿ, ಎರಡು ವರ್ಷದಲ್ಲಿ ಎಲ್ಲರೂ ಸಾಲಿಗೆ ಬರುತ್ತಾರೆಂದು ಡಾಕ್ಟರು ಭರವಸೆ ಕೊಟ್ಟರು. ಜೊತೆಗೆ ಒಂದಷ್ಟು ಬುದ್ಧಿಮಾತು: ಪ್ರತಿ ಊಟವಾದ ಮೇಲೆ ಬ್ರಶ್ಶು ಮಾಡಬೇಕು, ತಂತಿಯ ಕೆಳಗೆ ತೂರುವ ಸಣ್ಣ ಬ್ರಶ್ಶಿನಿಂದ ಗುಂಡಿಯ ಸುತ್ತ ತಿಕ್ಕಬೇಕು, ಫ್ಲೋರೈಡ್ ಇರುವ ಪೇಸ್ಟೇ ಆಗಬೇಕು, ಗಟ್ಟಿ ಪದಾರ್ಥ ಕಡಿಯಬಾರದು, ಸಕ್ಕರೆ ಪದೇ ಪದೇ ಬಾಯಿಗೆ ಹೋಗಬಾರದು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯ ಮಾತನ್ನಂತೂ ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ ಅಂದೇ ಸಂಜೆ ಮನೆಯ ಸಕ್ಕರೆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಇರುವೆಗಳಿಗೆ ಸುರಿದು, ಡಬ್ಬಿಯನ್ನು ಬೂದಿ ಹಾಕಿ ತೊಳೆಸಿದೆ.

ತಾವು ನಗುತ್ತಿರಬಹುದು. ನಗಿರಿ. ಮೂರು ತಲೆಮಾರಿನಿಂದ ಗಾಣ ನಡೆಸುವ ಮನೆಯಲ್ಲಿ ಸಕ್ಕರೆ ಎಂದರೆ ಕಾರ್ಖಾನೆಯದು, ಪರರದು, ಸಂಶಯದ್ದು. ಬೆಲ್ಲ ಎಂದರೆ ನಮ್ಮದು. ಸಕ್ಕರೆ ಬಿಡಬೇಕೆಂದಾಗ ಬೆಲ್ಲವೂ ಅದರಲ್ಲಿ ಸೇರುತ್ತದೆಂದು ನಮ್ಮ ತಲೆಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಬೆಲ್ಲ ರಕ್ತಕ್ಕೆ ಒಳ್ಳೆಯದು, ಉಷ್ಣಕ್ಕೆ ಒಳ್ಳೆಯದು, ಬಂದವರಿಗೆ ನೀರಿನ ಜೊತೆ ಕೊಡಲು ಒಳ್ಳೆಯದು, ಹುಡುಗಿಗೆ ಹಲ್ಲು ನೋಯುತ್ತಿದ್ದರೆ ಸಮಾಧಾನಕ್ಕೂ ಒಳ್ಳೆಯದು. ಚಹಾಕ್ಕೆ ಬೆಲ್ಲ ಬಂತು, ಚಪಾತಿಗೆ ನೀರಾದ ಜೋನಿ ಬೆಲ್ಲ ಬಂತು, ಕಾಲೇಜಿಗೆ ಒಯ್ಯುವ ಬಾಟಲಿಗೆ ಬೆಲ್ಲದ ಪಾನಕ ಬಂತು, ಅದನ್ನವಳು ದಿನವಿಡೀ ಗುಟುಕು ಗುಟುಕಾಗಿ ಕುಡಿದಳು. ದೀಪಾವಳಿಗೆ ಮೊದಲು ತಂತಿ ಬಿಗಿಸಲು ಹೋದಾಗ, "ನಮ್ಮ ಮನ್ಯಾಗ ಸಕ್ಕರಿ ಅನ್ನೂದ ಇಲ್ರಿ ಡಾಕ್ಟರ" ಎಂದು ನಾನು ಎದೆ ತಟ್ಟಿ ಹೇಳಿದೆ. ಅವರು ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ಇನ್ನು ಗಾಣದ ವಿಷಯ. ನವೆಂಬರಿನಲ್ಲಿ ಕಬ್ಬು ಕಡಿಯಲು ಶುರುವಾದರೆ ಮಾರ್ಚ್‌ವರೆಗೆ ನಮ್ಮಲ್ಲಿ ದಿನಕ್ಕೆ ಐದು ಕೊಪ್ಪರಿಗೆ ರಸ ಕುದಿಯುತ್ತದೆ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ನಿಮಿಷ ತಡವಾದರೆ ಕಪ್ಪಿಡುತ್ತದೆ. ಆ ನಿಮಿಷವನ್ನು ಹೇಳುವವಳು ಪೂರ್ಣಿಮಾ. ಐದು ವರ್ಷದ ಕೂಸಾಗಿದ್ದಾಗ ಒಮ್ಮೆ ತಣ್ಣೀರಿಗೆ ಬಿಟ್ಟ ಪಾಕದ ಉಂಡೆಯನ್ನು ಬಾಯಿಗೆ ಹಾಕಿಕೊಂಡು "ಇನ್ನೊಂದ ಕುದಿ ಬೇಕಪಾ" ಎಂದಿದ್ದಳು. ಅಂದಿನ ಬೆಲ್ಲ ಬಂಗಾರದ ಬಣ್ಣಕ್ಕೆ ಬಂತು. ಆಮೇಲೆ ಅವಳು ಮನೆಯಲ್ಲಿದ್ದಾಗ ಅವಳ ನಾಲಿಗೆಯ ತೀರ್ಪಿಲ್ಲದೆ ನಾನು ಕೊಪ್ಪರಿಗೆ ಇಳಿಸಿದ್ದೇ ಇಲ್ಲ. ಕಾಲೇಜಿಗೆ ಹೋಗುವ ಮೊದಲು ಎರಡು, ಬಂದ ಮೇಲೆ ಎರಡು, ಭಾನುವಾರ ಐದಕ್ಕೆ ಐದೂ. ಒಂದೊಂದು ಕೊಪ್ಪರಿಗೆಗೆ ಮೂರೋ ನಾಲ್ಕೋ ಉಂಡೆ. ತಂತಿ ಬಂದ ಮೇಲೆ ಕಡಿಯುವ ಹಾಗಿಲ್ಲವಲ್ಲ, ಡಾಕ್ಟರ ಮಾತು ಮೀರಬಾರದೆಂದು ನಾನೇ ಒಂದು ಉಪಾಯ ಹೇಳಿಕೊಟ್ಟೆ: "ಕಡೀಬ್ಯಾಡವಾ, ತುಟಿಗೂ ಹಲ್ಲಿಗೂ ನಡುವ ಇಟಗೊಂಡು ಹಗೂರಕ ಕರಗಿಸು." ಎಂಥ ವಿಧೇಯ ಪಾಲಕ!

ಜನವರಿ ಎಂಟನೆಯ ತಾರೀಖು ತಮ್ಮ ಪಟ್ಟಾಭಿಷೇಕವಾಯಿತು. ಡಾಕ್ಟರು ಹಲ್ಲಿಗೆ ಗಾಳಿ ಊದಿ ಒಣಗಿಸಿದರು, ಹುಬ್ಬು ಗಂಟಿಕ್ಕಿದರು, ನನ್ನನ್ನು ಹತ್ತಿರ ಕರೆದು ಕನ್ನಡಿಯಲ್ಲಿ ತೋರಿಸಿದರು. ಗುಂಡಿಗಳ ಸುತ್ತ ಸುಣ್ಣ ಸವರಿದಂತೆ ತಾವು ಆರು ಮಂದಿ ಆರಾಮವಾಗಿ ಕೂತಿದ್ದಿರಿ. ಬೆಳ್ಳಗಾಗಿದೆಯಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು, ಇದು ಬಿಳುಪಲ್ಲ, ಹಲ್ಲಿನ ಸಾರ ಸೋರಿಹೋದ ಜಾಗ ಎಂದರು. ಬಾಯಿಯ ಜಿಡ್ಡಿನಲ್ಲಿರುವ ಕ್ರಿಮಿಗಳು ಸಿಹಿ ತಿಂದು ಹುಳಿ ಕಾರುತ್ತವಂತೆ, ಆ ಹುಳಿ ಹಲ್ಲಿನೊಳಗಿನ ಸುಣ್ಣವನ್ನು ಎಳೆದುಬಿಡುತ್ತದಂತೆ, ಬಿಟ್ಟರೆ ಅಲ್ಲೇ ಕುಳಿಯಾಗುತ್ತದಂತೆ. ಆಮೇಲೆ ತೀರ್ಪು: "ಇನ್ನ ಆರು ವಾರ ನೋಡ್ತೀನ್ರಿ. ಹೊಸಾ ಕಲಿ ಒಂದು ಕಂಡ್ರೂ ತಂತಿ ಬಿಚ್ಚಿಬಿಡ್ತೀನಿ. ಹಲ್ಲು ಸೊಟ್ಟ ಇದ್ರ ನಡೀತೈತಿ, ಹಾಳಾದ್ರ ನಡಿಯೂದಿಲ್ಲ." ಕೋರೆಹಲ್ಲು ಅರ್ಧ ದಾರಿಗೆ ಬಂದಿದ್ದವು. ಈಗ ಬಿಚ್ಚಿದರೆ ಅವು ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಫೆಬ್ರುವರಿಯಲ್ಲಿ ಕಾಲೇಜಿನ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ. ನಿರೂಪಣೆಗೆ ಅವಳನ್ನೇ ಆರಿಸಿದ್ದರು. ಈ ಸಲ ಪರದೆಯ ಮುಂದೆ ನಿಲ್ಲುತ್ತೇನೆಂದು ಅವಳೇ ಒಪ್ಪಿ ಬಂದಿದ್ದಳು. ಡಾಕ್ಟರು ಮಾತು ಮುಗಿಸುವ ಹೊತ್ತಿಗೆ ಅವಳ ಅಂಗೈ ಮತ್ತೆ ಬಾಯಿಗೆ ಹೋಗಿತ್ತು.

ಮಾನ್ಯರೇ, ಅಂದು ನಾನು ತಮ್ಮ ಬಳಿ ಮಾಡಿಕೊಳ್ಳಬೇಕೆಂದಿದ್ದ ವಿನಂತಿಗಳನ್ನು ಇಲ್ಲಿ ದಾಖಲಿಸುತ್ತೇನೆ. ಮುಂದಿನ ಸಲ ದಯಮಾಡಿಸುವ ಹದಿನೈದು ದಿನ ಮೊದಲು ಕನ್ನಡದಲ್ಲಿ ಒಂದು ರಿಜಿಸ್ಟರ್ಡ್ ನೋಟೀಸು ಕಳಿಸಬೇಕು. ಅದಾಗದಿದ್ದರೆ ಒಂದಿಷ್ಟಾದರೂ ನೋಯಬೇಕು, ನೋಯುವ ಅಭ್ಯಾಸವಿಲ್ಲದಿದ್ದರೆ ಹುಣಸೆಹಣ್ಣಿನ ಬಣ್ಣದಲ್ಲಾದರೂ ಬರಬೇಕು, ಹಾಗಾದರೆ ನೀಲಕ್ಕ ಓಣಿಗೆ ತೋರಿಸಲು ಹೋಗುವುದು ತಪ್ಪುತ್ತದೆ. ವಾಸಕ್ಕೆ ಜಾಗವೇ ಬೇಕಿದ್ದರೆ ನನ್ನ ಹತ್ತೊಂಬತ್ತು ಹಲ್ಲುಗಳು ಖಾಲಿ ಇವೆ, ನಡುನಡುವೆ ಕಾಲು ಚಾಚಲು ಸಂದುಗಳೂ ಇವೆ. ಅದು ಇಕ್ಕಟ್ಟೆನಿಸಿದರೆ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರೂರೇ ಮುಳುಗಿಹೋಗಿ ಬೇಕಾದಷ್ಟು ಜಾಗವಿದೆ, ತಮ್ಮ ಕುಟುಂಬವನ್ನು ಅಲ್ಲಿಗೆ ಸಾಗಿಸಲು ನಾನೇ ಗಾಡಿ ಮಾಡಿಸಿಕೊಡುತ್ತೇನೆ. ತೀರಾ ಊರ ನಂಟು ಬಿಡಲಾಗದಿದ್ದರೆ ಆನೆಮರಿ ಎಂದು ನಕ್ಕ ದೊಡ್ಡ ಮನುಷ್ಯರ ಮುಂದಿನ ಎರಡು ಹಲ್ಲುಗಳು ವಿಶಾಲವಾಗಿವೆ. ಆಹ್ವಾನವಿಲ್ಲದ ಮನೆಗೆ ನುಗ್ಗಿ ಹದಿನಾರರ ಹುಡುಗಿಯ ನಗುವಿನ ಮೇಲೆ ಕೂರುವುದು ತಮ್ಮಂಥ ಶುಭ್ರ ವರ್ಣದವರಿಗೆ ಶೋಭಿಸುವುದಿಲ್ಲ.

ಇಷ್ಟು ಖಾರವಾಗಿ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿರುವಾಗಲೇ ನನ್ನನ್ನೂ ಮಗಳನ್ನೂ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಬ್ರಶ್ಶು ಮಾಡುವುದನ್ನು ಕಲಿಸುವವಳು ಜುಬೇದಾ. ನಮ್ಮ ಹೊಲದ ಆಚೆಗಿನ ಸಿದ್ದಿ ಜನಾಂಗದವರ ಊರಿನವಳು, ಒಂಬತ್ತು ವರ್ಷದಿಂದ ಆ ದವಾಖಾನೆಯಲ್ಲಿದ್ದಾಳೆ, ಕೈ ಹಗುರ, ಮಾತು ಭಾರ. ಅವಳು ಪೂರ್ಣಿಮಾಳ ಹಲ್ಲಿಗೆ ಕೆಂಪು ಬಣ್ಣದ ಔಷಧ ಸವರಿ ಮುಕ್ಕಳಿಸಲು ಹೇಳಿದಳು. ಜಿಡ್ಡು ಇದ್ದಲ್ಲಿ ಬಣ್ಣ ಉಳಿಯುತ್ತದಂತೆ. ಗುಂಡಿಗಳ ಸುತ್ತ ಕೆಂಪು ಉಳಿಯಿತು. ನನಗೆ ಸಿಕ್ಕಿತಲ್ಲ ಕಾರಣ! "ತಿಕ್ಕೂದ ಇಲ್ಲ ನೋಡ್ರಿ, ಮೊಬೈಲ್ ಹಿಡಕೊಂಡು ಕುಂತ್ರ ಊಟದ ಖಬರಿರೂದಿಲ್ಲ, ಇನ್ನ ಹಲ್ಲಿಂದೇನು" ಎಂದು ಮಗಳ ಮೇಲೆ ಹರಿಹಾಯ್ದೆ. ಜುಬೇದಾ ನನ್ನನ್ನೊಮ್ಮೆ ನೋಡಿ, "ಕಾಕಾ, ನೀವೂ ಒಂದಿಷ್ಟು ಬಾಯಿ ತಗೀರಿ" ಎಂದಳು. ತೆಗೆದೆ. ಮುಕ್ಕಳಿಸಿ ಕನ್ನಡಿ ನೋಡಿಕೊಂಡರೆ ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತಿದ್ದವು. ಬ್ರಶ್ಶಿನಿಂದ ತಿಕ್ಕಿದರೆ ಹೋಗುತ್ತದೆ ಕೂತುಕೊಳ್ಳಿ ಎಂದಳು, ನಾನು ಮುನಿಸಿನಲ್ಲಿ ಕೂರಲಿಲ್ಲ. ಅದರ ಫಲವನ್ನು ಬಸ್ಸಿನಲ್ಲಿ ಉಂಡೆ. ಕಂಡಕ್ಟರು ಎಲ್ಲರೆದುರಿಗೆ, "ಯಜಮಾನ್ರ, ಎಲಿ ಅಡಿಕಿ ಕಿಟಕ್ಯಾಗಿಂದ ಉಗುಳಬ್ಯಾಡ್ರಿ" ಎಂದ.

ಆದರೆ ಬಸ್ಸಿಗೆ ಮೊದಲು ಇನ್ನೊಂದು ನಡೆಯಿತು. ಜುಬೇದಾ ಸಣ್ಣ ಬ್ರಶ್ಶನ್ನು ತಂತಿಯ ಕೆಳಗೆ ತೂರಿಸಿ ತೋರಿಸುತ್ತಿದ್ದವಳು ಸುಮ್ಮನೆ ಮಾತಿಗೆಂಬಂತೆ, "ಗಾಣ ಶುರು ಆಗೇತೇನ ಕಾಕಾ?" ಎಂದಳು. ಆಗಿದೆ ಎಂದೆ. ಪಾಕ ಯಾರು ನೋಡುತ್ತಾರೆ ಎಂದಳು. ನನ್ನ ಎದೆ ಉಬ್ಬಿತು. "ಮತ್ಯಾರು? ಪೂರ್ಣಿಮಾನ! ಡಾಕ್ಟರು ಕಡೀಬ್ಯಾಡ ಅಂದಾರಂತ ಹಲ್ಲಿನ ಬಾಜೂಕ ಇಟಗೊಂಡು ಕರಗಿಸ್ತಾಳ, ಒಂದ ದಿನಾ ಕಡದಿಲ್ಲ" ಎಂದೆ. ಜುಬೇದಾ ಬ್ರಶ್ಶನ್ನು ಕೆಳಗಿಟ್ಟಳು. ಹಣೆ ಬಡಿದುಕೊಂಡಳು. "ಯಾ ಅಲ್ಲಾ! ನಾನೂ ನಿಮ್ಮ ಗಾಣದ ಬೆಲ್ಲಾ ತಿಂದು ಬೆಳದಾಕೀನ ಕಾಕಾ. ಊಟದಾಗ ಒಂದ ಸಲ ತಿಂದು ತಿಕ್ಕಿಕೊಂಡ್ರ ಅದು ಬ್ಯಾರೆ. ನೀವು ಮಗಳ ಹಲ್ಲಿಗೆ ದಿನಾ ಹನ್ನೆರಡ ಸಲ ಬೆಲ್ಲದ ಲೇಪಾ ಹಚ್ಚೀರಲ್ಲ" ಎಂದಳು. ಬೆಲ್ಲ ಸಕ್ಕರೆಯಲ್ಲವಲ್ಲ ಎಂದು ನಾನು ತೊದಲಿದೆ. "ನಿಮಗ ಅಲ್ಲ ಕಾಕಾ. ಬಾಯಾಗಿನ ಕ್ರಿಮಿಗೆ ನಿಮ್ಮ ಮನಿತನ ಗೊತ್ತಿಲ್ಲ" ಎಂದಳು. ಅರವತ್ತು ವರ್ಷದ ಗಾಣದ ಮುಖಕ್ಕೆ ಆದ ಮಂಗಳಾರತಿ ಅದು.

ಹೀಗಾಗಿ ಮಾನ್ಯರೇ, ಮೇಲೆ ತಮ್ಮನ್ನು ಆಹ್ವಾನವಿಲ್ಲದೆ ನುಗ್ಗಿದವರು ಎಂದು ಬರೆದದ್ದನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಬೇಕು. ತಾವು ಕರೆಯದೆ ಬಂದವರಲ್ಲ. ತಮ್ಮನ್ನು ಬಾಗಿಲಲ್ಲಿ ನಿಂತು ಕರೆದು, ಚಾಪೆ ಹಾಸಿ, ದಿನಕ್ಕೆ ಹನ್ನೆರಡು ಸಲ ಬಿಸಿಬಿಸಿ ಬಡಿಸಿ, ಹಸಿದೀರಿ ಎಂದು ಕಾಲೇಜಿಗೂ ಬಾಟಲಿ ತುಂಬಿ ಕಳಿಸಿದವನು ಈ ಕೆಳಗೆ ಸಹಿ ಮಾಡಿರುವ ನಾನೇ.

ಇದಕ್ಕಿಂತ ಕಹಿಯಾದದ್ದು ಇನ್ನೂ ಇದೆ. ನಾವು ಹೊರಡುವಾಗ ಜುಬೇದಾ ಮಗಳ ಕಡೆ ತಿರುಗಿ, "ದೀಪಾವಳಿಗೆ ಬಂದಾಗ ಹೇಳಿದ್ನಲ್ಲ ತಂಗಿ, ಬೆಲ್ಲಾನೂ ಬ್ಯಾಡಂತ" ಎಂದಳು. ಪೂರ್ಣಿಮಾ ನೆಲ ನೋಡಿದಳು. ಹುಡುಗಿಗೆ ಗೊತ್ತಿತ್ತು! ಎರಡೂವರೆ ತಿಂಗಳಿನಿಂದ, ಒಂದೊಂದು ಉಂಡೆ ಬಾಯಿಗಿಟ್ಟುಕೊಳ್ಳುವಾಗಲೂ ಗೊತ್ತಿತ್ತು. ಬಸ್ಸಿನಲ್ಲಿ ಕೆಂಪು ಹಲ್ಲು ಮುಚ್ಚಿಕೊಂಡು ನಾನು, ಬಿಳಿ ಕಲೆ ಮುಚ್ಚಿಕೊಂಡು ಅವಳು, ಅಪ್ಪ ಮಗಳಿಬ್ಬರೂ ಬಾಯಿಗೆ ಅಂಗೈ ಅಡ್ಡ ಹಿಡಿದು ಕೂತಿದ್ದೆವು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಂಗೈಯ ಹಿಂದಿನಿಂದಲೇ ಹೇಳಿದಳು: "ಕೊಪ್ಪರಿಗಿ ಇಳಸೂ ಮುಂದ ನೀವು ನನ್ನ ಮಾರಿ ನೋಡ್ತೀರಲ್ಲಪಾ. ನಾ ಒಲ್ಲೆ ಅಂದ್ರ ಯಾರ ಮಾರಿ ನೋಡ್ತಿದ್ರಿ?" ಐವತ್ತೆರಡು ವರ್ಷದ ಗಂಡಸು ತುಂಬಿದ ಬಸ್ಸಿನಲ್ಲಿ ಅಳಬಾರದೆಂದು ಹೊರಗೆ ನೋಡುತ್ತಾ ಕೂತೆ.

ಮರುದಿನದಿಂದ ತಮಗೆ ಉಪವಾಸ. ಪಾನಕದ ಬಾಟಲಿಗೆ ಬರೀ ನೀರು ಬಂತು. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಬ್ರಶ್ಶು. ಕಾಲೇಜಿನ ನಲ್ಲಿಯ ಹತ್ತಿರ ಗೆಳತಿಯರು ನಗುತ್ತಿದ್ದರೂ ಬ್ರಶ್ಶು. ತಿಕ್ಕಿದ ಮೇಲೆ ಉಗುಳಬೇಕೇ ಹೊರತು ಗಟಗಟನೆ ನೀರು ಹಾಕಿ ಪೇಸ್ಟಿನ ಸತ್ವವನ್ನೆಲ್ಲ ತೊಳೆದುಬಿಡಬಾರದು ಎಂಬ ಜುಬೇದಾಳ ಕಟ್ಟಾಜ್ಞೆ. ಡಾಕ್ಟರು ಹಲ್ಲಿಗೆ ಫ್ಲೋರೈಡಿನ ಲೇಪ ಹಚ್ಚಿ ಕಳಿಸಿದ್ದರು. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಆದರೂ ಗಾಣಕ್ಕೆ ಬಂದವರೆಲ್ಲ ತಮ್ಮ ಪಾಲಿನ ಬೆಲ್ಲ ಮುರಿದು, "ತಗೋವಾ, ಮನಿ ಮಗಳು ನೀ ತಿನ್ನಲಾರದ ನಾವ ಹೆಂಗ ತಿನ್ನೂಣು" ಎಂದು ಅವಳ ಕೈಗಿಡುತ್ತಿದ್ದರು. ಬೇಡವೆಂದರೆ ನಮ್ಮ ಕಡೆ ಅದು ಅವಮಾನ. ಕೊನೆಗೆ ಬೇಸತ್ತು ಗಾಣದ ಬಾಗಿಲಿಗೆ ದೊಡ್ಡ ಅಕ್ಷರದ ಬೋರ್ಡು ಬರೆಸಿ ಹಾಕಿದೆ: ಈ ಮನೆಯ ಹುಡುಗಿಗೆ ಯಾರೂ ಬೆಲ್ಲ ಕೊಡಬಾರದು. ಮುಂಡಗೋಡದ ಕಡೆಯ ಇಂದೂರಿನಿಂದ ಬೆಲ್ಲ ಒಯ್ಯಲು ಬಂದವರು ಅದನ್ನು ಎರಡು ಸಲ ಓದಿ, "ನಿಮ್ಮ ಮಗಳಿಗೆ ನೀವ ಕೊಡೂದಿಲ್ಲ ಅಂದ್ರ, ಏನ ಬೆರಸೀರಿ ಇದರಾಗ?" ಎಂದು ಕೇಳಿ ಬರಿಗಾಡಿ ತಿರುಗಿಸಿಕೊಂಡು ಹೋದರು.

ಪಾಕದ ಗತಿ ಕೇಳುತ್ತೀರಾ? ಮೊದಲ ದಿನ ನಾನೇ ರುಚಿ ನೋಡಿದೆ. ಒಂದು ಕೊಪ್ಪರಿಗೆ ಇದ್ದಲಿನ ಬಣ್ಣಕ್ಕೆ ಬಂತು, ಇನ್ನೊಂದು ಅಚ್ಚಿನಿಂದ ಹೊರಬಂದು ಅಂಗಳದ ತುಂಬ ಹರಿಯಿತು. ನೀಲಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೂರನೆಯ ಕೊಪ್ಪರಿಗೆ ಕುದಿಯುವಾಗ ಪೂರ್ಣಿಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ನಿಂತಳು. ಗುಳ್ಳೆಗಳನ್ನು ನೋಡಿದಳು, ಸೌಟಿನಿಂದ ಬೀಳುವ ಎಳೆಯನ್ನು ನೋಡಿದಳು. "ಈಗ ಇಳಸ್ರಿ" ಎಂದಳು. ಇಳಿಸಿದೆ. ಬಂಗಾರದ ಬಣ್ಣ! ಬಾಯಿಗೆ ಹಾಕಿಕೊಳ್ಳದೆ ಹೇಗೆ ಗೊತ್ತಾಯಿತೆಂದು ಕೇಳಿದರೆ, "ನಾ ಯಾವಾಗಲೂ ಕಣ್ಣಿಲೇ ನೋಡಾಕಿರಪಾ. ಉಂಡಿ ನೀವ ಕೊಡ್ತಿದ್ರಿ" ಎಂದಳು. ಹನ್ನೊಂದು ವರ್ಷ ನಾನು ಅವಳ ಬಾಯಿಗಿಟ್ಟದ್ದು ಗಾಣಕ್ಕೆ ಬೇಕಾದದ್ದಾಗಿರಲಿಲ್ಲ, ನನ್ನ ಹಿಗ್ಗಿಗೆ ಬೇಕಾದದ್ದಾಗಿತ್ತು. ಈ ಮಾತು ಬರೆಯಲು ನನಗೆ ನಾಚಿಕೆಯಾಗುತ್ತದೆ, ಬರೆದಿದ್ದೇನೆ.

ಫೆಬ್ರುವರಿ ಹತ್ತೊಂಬತ್ತಕ್ಕೆ ಡಾಕ್ಟರು ಮತ್ತೆ ಗಾಳಿ ಊದಿದರು, ಮತ್ತೆ ಭೂತಗನ್ನಡಿ. ನಾನು ಜುಬೇದಾಳ ಮುಖ ನೋಡುತ್ತಿದ್ದೆ. ಒಂದು, ಎರಡು ಎಂದು ಎಣಿಸುತ್ತಾ ಹೋಗಿ ಆರಕ್ಕೆ ನಿಲ್ಲಿಸಿದರು. ಅಂದೂ ಆರು, ಇಂದೂ ಆರು. ತಮ್ಮಲ್ಲೊಬ್ಬರು ಸ್ವಲ್ಪ ಮಾಸಿದ್ದರು ಕೂಡ. "ತಂತಿ ಇರ್ಲಿ, ಹಿಂಗ ನಡಸ್ಕೊಂಡು ಹೋಗ್ರಿ" ಎಂದರು. ಆರೂ ಹೋಗುತ್ತವೆಯೇ ಎಂದು ಕೇಳಿದೆ. ನಾಲ್ಕು ಬರಬರುತ್ತಾ ಮಾಸಬಹುದು, ನಟ್ಟನಡುವಿನ ಹಲ್ಲುಗಳ ಎರಡಂತೂ ಪೂರ್ತಿ ಹೋಗಲಿಕ್ಕಿಲ್ಲ, ಬರುವುದನ್ನು ತಡೆಯಬಹುದಿತ್ತು, ಬಂದದ್ದನ್ನು ಅಳಿಸುವುದು ಕಷ್ಟ ಎಂದರು. ಅವರು ಮೆತ್ತಗೇ ಹೇಳಿದರು, ನನಗೆ ಮೆತ್ತಗೆ ನಾಟಲಿಲ್ಲ.

ಮೂರು ದಿನ ಬಿಟ್ಟು ಗ್ಯಾದರಿಂಗು. ಪರದೆ ಸರಿಯಿತು, ಅದರ ಮುಂದೆ ನನ್ನ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಚೀಟಿ. ಬಾಯಿ ಮುಚ್ಚಲು ಮೂರನೆಯ ಕೈ ಇರಲಿಲ್ಲ. ಎರಡು ತಾಸು ನಡೆಸಿಕೊಟ್ಟಳು. ತಂತಿ ಮಿಂಚುತ್ತಿತ್ತು, ತಾವೂ ಮಿಂಚುತ್ತಿದ್ದಿರಿ, ದೀಪದ ಬೆಳಕಿನಲ್ಲಿ ತಾವು ಎಷ್ಟು ದೂರಕ್ಕೆ ಕಾಣುತ್ತೀರಿ ಎಂಬುದು ನನಗೆ ಅಂದೇ ತಿಳಿದದ್ದು. ನಾನು ಈ ಸಲ ಮಗಳಿಗೆ ಚಪ್ಪಾಳೆ ತಟ್ಟಿದೆ. ಮುಗಿದ ಮೇಲೆ ಅದೇ ದೊಡ್ಡ ಮನುಷ್ಯರು, ಅದೇ ಶಾಲು, ಆಶೀರ್ವಾದ ಮಾಡಲು ಬಂದವರು ಅವಳ ಮುಖವನ್ನೇ ದಿಟ್ಟಿಸಿ, "ಏನವಾ, ಹಲ್ಲಿಗೆ ಸುಣ್ಣ ಹತ್ತೇತೆಲ್ಲ?" ಎಂದರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಅವಳ ಕೈ ಮೇಲೇಳುತ್ತದೆ ಎಂದುಕೊಂಡೆ, ಏಳಲಿಲ್ಲ. ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕು, "ಸುಣ್ಣ ಅಲ್ರಿ ಅಜ್ಜಾರ, ನಮ್ಮಪ್ಪನ ಬೆಲ್ಲಾ ಹತ್ತೇತಿ" ಎಂದಳು. ಸುತ್ತಲಿದ್ದವರು ನಕ್ಕರು. ಅವಳು ಯಾರನ್ನೂ ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಆದ್ದರಿಂದ ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಮಾಸಬಹುದಾದ ನಾಲ್ವರು ದಯವಿಟ್ಟು ಬೇಗ ಮಾಸಬೇಕು. ಉಳಿಯುವ ಇಬ್ಬರಲ್ಲಿ ನನ್ನದೊಂದು ಕೊನೆಯ ಪ್ರಾರ್ಥನೆ: ಮೂರನೆಯವರನ್ನು ಕರೆಯಬೇಡಿ, ಒಂದು ಕೂದಲೆಳೆಯಷ್ಟೂ ಬೆಳೆಯಬೇಡಿ, ಆದರೆ ಇದ್ದಷ್ಟು ಕಾಲ, ಅವಳು ನಕ್ಕಾಗಲೆಲ್ಲ ನನ್ನ ಕಣ್ಣಿಗೆ ಬೀಳುವ ಹಾಗೆ ಕೂತಿರಿ.

ಇಂತಿ, ತಾವು ಬೆಳೆಯದಿರುವಷ್ಟು ಕಾಲ ಮಾತ್ರ
ತಮ್ಮ ವಿಶ್ವಾಸಿ, ಹಾಗೂ ತಮ್ಮ ಮಾಜಿ ಅನ್ನದಾತ,
ಕರಿಬಸಪ್ಪ
(ಪತ್ರ ಮುಗಿಸುವಷ್ಟರಲ್ಲಿ ಒಂದು ಉದುರಿ, ಈಗ ಹದಿನೆಂಟು ಹಲ್ಲು)

ತಾ.ಕ.: ಮೊನ್ನೆ ಆ ದೊಡ್ಡ ಮನುಷ್ಯರು ಗಾಣಕ್ಕೆ ಬಂದಿದ್ದರು. ಅವರ ಮೊಮ್ಮಗಳಿಗೂ ಹಲ್ಲಿಗೆ ತಂತಿ ಹಾಕಿಸಿದ್ದಾರಂತೆ. "ಹುಡುಗಿ ಗಟ್ಟಿ ಏನೂ ಕಡಿಯೂ ಹಂಗಿಲ್ಲಂತ, ಸಕ್ಕರೀನೂ ಬ್ಯಾಡಂತ. ಒಂದ ಡಬ್ಬಿ ಜೋನಿ ಬೆಲ್ಲಾ ಕೊಡು ಕರಿಬಸಪ್ಪ" ಎಂದರು. ಮೂರು ವರ್ಷ ನನ್ನ ಮಗಳನ್ನು ಪರದೆಯ ಹಿಂದೆ ಕೂರಿಸಿದ ಮನುಷ್ಯ. ಡಬ್ಬಿ ತುಂಬಿ ಕೊಟ್ಟು, ಬಾಯಿ ಮುಚ್ಚಿಕೊಂಡು, ತಮ್ಮನ್ನು ಆ ಮನೆಗೆ ಬೀಳ್ಕೊಡೋಣವೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಪೂರ್ಣಿಮಾ ಒಳಗಿನಿಂದ ಬಂದು ಅವರ ಕೈಗೆ ಒಂದು ಸಣ್ಣ ಬ್ರಶ್ಶು ಕೊಟ್ಟು ಬೋರ್ಡಿನ ಕಡೆ ತೋರಿಸಿದಳು. ಬೋರ್ಡಿನಲ್ಲಿ "ಈ ಮನೆಯ ಹುಡುಗಿಗೆ" ಎಂದಿದ್ದುದನ್ನು ಅವಳು ಆಗಲೇ ಅಳಿಸಿ, "ತಂತಿ ಇರುವ ಯಾವ ಹುಡುಗಿಗೂ" ಎಂದು ತಿದ್ದಿದ್ದಾಳೆ. ತಾವು ಊಟಕ್ಕೆ ಬೇರೆ ಊರು ನೋಡಿಕೊಳ್ಳುವುದು.